ನಮ್ಮ ಕ್ಯಾಸೆಟ್ ಗೇಮ್‌ಗಳ ಚರಿತ್ರೆ ಯಾಕೆ ಬೇರೆ? ನಿಮಗೆ ನೆನಪಿರುವುದನ್ನೆಲ್ಲ ಇಲ್ಲಿ ಬರೆಯಿರಿ

ಕ್ಯಾಸೆಟ್_ಪ್ರೇಮಿ

ವಿಡಿಯೋ ಗೇಮ್ ಚರಿತ್ರೆ ಅಂತ ಎಲ್ಲಿ ಓದಿದರೂ ಒಂದೇ ಕಥೆ. 1972ರಲ್ಲಿ ಅಮೆರಿಕದಲ್ಲಿ ಪಾಂಗ್ ಅನ್ನುವ ಗೇಮ್ ಬಂತು. 1983ರಲ್ಲಿ ಅಲ್ಲಿನ ಮಾರುಕಟ್ಟೆ ಬಿದ್ದುಹೋಯಿತು. ಅಟಾರಿ ಕಂಪನಿಯವರು ಮಾರಾಟವಾಗದ ಕ್ಯಾಸೆಟ್‌ಗಳನ್ನು (ಯಂತ್ರಕ್ಕೆ ಸಿಕ್ಕಿಸುವ, ಗೇಮ್ ತುಂಬಿದ ಡಬ್ಬಿಗಳು) ನ್ಯೂ ಮೆಕ್ಸಿಕೋದಲ್ಲಿ ಗುಂಡಿ ತೋಡಿ ಹೂತರು. ಆಮೇಲೆ ಜಪಾನಿನ ನಿಂಟೆಂಡೊ ಬಂದು ಎಲ್ಲವನ್ನೂ ಮತ್ತೆ ಎತ್ತಿ ನಿಲ್ಲಿಸಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ 1996ರ ಬೇಸಿಗೆ ರಜೆಯಲ್ಲಿ ಹಾಸನದ ಒಂದು ಬಾಡಿಗೆ ಮನೆಯಲ್ಲಿ, ಟಿವಿಯ ಚಾನಲ್ ತಿರುಗಣೆ ತಿರುಗಿಸಿ ತಿರುಗಿಸಿ ಕೊನೆಗೆ ಚಿತ್ರ ಬಂದಾಗ ನಾವು ನಾಲ್ಕು ಹುಡುಗರು ಕಿರುಚಿದೆವಲ್ಲ, ಅದು ಆ ಕಥೆಯಲ್ಲಿ ಎಲ್ಲೂ ಇಲ್ಲ.

ಈಗ ನನ್ನ ಜೊತೆ ಕೆಲಸ ಮಾಡುವ ಒಬ್ಬ ಅಮೆರಿಕದವನ ಹತ್ತಿರ ಒಮ್ಮೆ ಹಳೆಯ ಗೇಮ್ ವಿಷಯ ಬಂತು. ಮಾರಿಯೋ ಗೊತ್ತು, ಕಾಂಟ್ರಾ ಗೊತ್ತು. ರೋಡ್ ಫೈಟರ್ ಅಂದೆ, ಗೊತ್ತಿಲ್ಲ. ಸರ್ಕಸ್ ಗೇಮ್, ಸಿಂಹದ ಮೇಲೆ ಕೂತು ಬೆಂಕಿ ಬಳೆ ಹಾರುವುದು, ಅದೂ ಗೊತ್ತಿಲ್ಲ. ಟ್ಯಾಂಕ್ ಗೇಮ್, ಇಟ್ಟಿಗೆ ಗೋಡೆ, ಮಧ್ಯದಲ್ಲಿ ಹದ್ದು, ಅದೂ ಇಲ್ಲ! ನನಗೆ ನಿಜವಾಗಲೂ ಆಶ್ಚರ್ಯವಾಯಿತು. ನಮ್ಮ ಬೀದಿಯಲ್ಲಿ ಮಾರಿಯೋಗಿಂತ ಅವನ್ನೇ ಜಾಸ್ತಿ ಆಡುತ್ತಿದ್ದೆವು.

ಆಮೇಲೆ ಹುಡುಕಿ ಓದಿದಾಗ ಕಾರಣ ಗೊತ್ತಾಯಿತು. ನಿಂಟೆಂಡೊ ಟಿವಿಗೆ ಜೋಡಿಸಿ ಗೇಮ್ ಆಡುವ ತನ್ನ ಫ್ಯಾಮಿಕಾಂ ಯಂತ್ರವನ್ನು ಜಪಾನಿನಲ್ಲಿ 1983ರ ಜುಲೈ 15ರಂದು ಬಿಡುಗಡೆ ಮಾಡಿತು. ಅಮೆರಿಕಕ್ಕೆ ಅದೇ ಯಂತ್ರ 1985ರಲ್ಲಿ ಬೇರೆ ಡಬ್ಬಿಯಲ್ಲಿ ಹೋಯಿತು, ಒಳಗೆ ಒಂದು ಬೀಗದ ಚಿಪ್ ಸೇರಿಸಿ. ಕಂಪನಿಯ ಒಪ್ಪಿಗೆ ಇಲ್ಲದ ಕ್ಯಾಸೆಟ್ ಅದರಲ್ಲಿ ಓಡಬಾರದು ಅಂತ. ಜಪಾನಿನ ಯಂತ್ರಕ್ಕೆ ಆ ಬೀಗ ಇರಲಿಲ್ಲ. ಹಾಗಾಗಿ ತೈವಾನ್, ಹಾಂಗ್‌ಕಾಂಗ್, ಚೀನಾದ ಕಾರ್ಖಾನೆಗಳು ನಕಲು ಮಾಡಿದ್ದು ಜಪಾನಿನ ಯಂತ್ರವನ್ನು. ಅದು ರಷ್ಯಾಕ್ಕೆ ಡೆಂಡಿ ಅನ್ನುವ ಹೆಸರಲ್ಲಿ ಹೋಯಿತು, ಪೋಲೆಂಡಿಗೆ ಪೆಗಾಸಸ್ ಅಂತ ಹೋಯಿತು, ನಮ್ಮಲ್ಲಿಗೆ ಹತ್ತಾರು ಹೆಸರಲ್ಲಿ ಬಂತು. ನಾವು ಅದನ್ನು 'ವಿಡಿಯೋ ಗೇಮ್' ಅಂತ ಮಾತ್ರ ಕರೆದೆವು.

ಇನ್ನು '9999 ಇನ್ 1' ಕ್ಯಾಸೆಟ್. ಅದರಲ್ಲಿ ನಿಜವಾಗಿ ಇದ್ದದ್ದು ಕೆಲವೇ ಗೇಮ್, ಉಳಿದದ್ದೆಲ್ಲ ಅವುಗಳದ್ದೇ ಪುನರಾವರ್ತನೆ. ಆದರೆ ಯಾವ ಗೇಮ್‌ಗಳನ್ನು ಹಾಕಿದರು ಅನ್ನುವುದು ಮುಖ್ಯ. ಫ್ಯಾಮಿಕಾಂನ ಶುರುವಿನ ವರ್ಷಗಳ ಗೇಮ್‌ಗಳು ತುಂಬಾ ಚಿಕ್ಕವು, 24 ಕಿಲೋಬೈಟ್, 40 ಕಿಲೋಬೈಟ್ ಅಷ್ಟೇ. ಸೂಪರ್ ಮಾರಿಯೋ ಪೂರ್ತಿ 40 ಕಿಲೋಬೈಟ್. ಜಾಗ ಸಾಲದೆ ಮೋಡದ ಚಿತ್ರಕ್ಕೇ ಹಸಿರು ಬಣ್ಣ ಹಚ್ಚಿ ಪೊದೆ ಮಾಡಿದ್ದಾರೆ, ಗಮನಿಸಿ ನೋಡಿ. ಇಂಥ ಚಿಕ್ಕ ಗೇಮ್‌ಗಳನ್ನು ಒಂದೇ ಕ್ಯಾಸೆಟ್‌ನಲ್ಲಿ ತುಂಬುವುದು ಸುಲಭ ಮತ್ತು ಅಗ್ಗ. ಅದಕ್ಕೇ 1984, 85, 86ರ ಜಪಾನ್ ಗೇಮ್‌ಗಳು ನಮಗೆ 95, 96ರಲ್ಲಿ ಸಿಕ್ಕವು. ಟ್ಯಾಂಕ್ ಗೇಮ್‌ನ ನಿಜವಾದ ಹೆಸರು ಬ್ಯಾಟಲ್ ಸಿಟಿ, ನಾಮ್ಕೋ ಕಂಪನಿ, 1985. ಅಮೆರಿಕದ ನಿಂಟೆಂಡೊಗೆ ಅದು ಬರಲೇ ಇಲ್ಲ. ರಷ್ಯಾದಲ್ಲಿ ಮಾತ್ರ ಎಲ್ಲರಿಗೂ ಗೊತ್ತು, ಅವರು ಅದನ್ನು 'ತಾಂಚಿಕಿ' ಅನ್ನುತ್ತಾರೆ. ಪುಟ್ಟ ಟ್ಯಾಂಕ್‌ಗಳು ಅಂತ ಅರ್ಥ. ಅವರೂ ನಮ್ಮ ಹಾಗೆ ತಾವೇ ಹೆಸರಿಟ್ಟುಕೊಂಡಿದ್ದಾರೆ.

ಅಂದರೆ ಹಾಸನದ ಹುಡುಗನಿಗೂ ರಷ್ಯಾದ ಹುಡುಗನಿಗೂ ಒಂದೇ ಬಾಲ್ಯ ಸಿಕ್ಕಿದೆ, ಅಮೆರಿಕದವನಿಗೆ ಬೇರೆ. ಇದನ್ನು ಯಾರೂ ಕನ್ನಡದಲ್ಲಿ ಬರೆದಿಟ್ಟಿದ್ದು ನಾನು ನೋಡಿಲ್ಲ. ನಿಮ್ಮ ಊರಲ್ಲಿ ಏನು ಆಡುತ್ತಿದ್ದಿರಿ, ಏನಂತ ಕರೆಯುತ್ತಿದ್ದಿರಿ, ಎಷ್ಟು ಕೊಟ್ಟಿರಿ, ಬರೆಯಿರಿ. ಚಿಕ್ಕದು ಅಂತ ಬಿಡಬೇಡಿ.

ಬೆಣ್ಣೆನಗರಿ

ಗುರು, ಒಳ್ಳೆ ಕೆಲಸ ಮಾಡಿದೆ. ನನ್ನದು ದಾವಣಗೆರೆ, ಮನೆಯಲ್ಲಿ ಯಂತ್ರ ಇರಲಿಲ್ಲ, ಹಾಗಾಗಿ ನನ್ನ ಕಥೆ ಎಲ್ಲ ಅಂಗಡಿಯದ್ದು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಕೋಣೆ, ನಾಲ್ಕು ಯಂತ್ರ, ಒಂದು ಫ್ಯಾನ್, ಒಂದು ಕಾಯಿನ್‌ಗೆ ಒಂದು ರೂಪಾಯಿ, ಆಮೇಲೆ ಎರಡು. ಅಲ್ಲಿ ರಾಜ ಅಂದರೆ ಮುಸ್ತಫಾ. ಗೇಮ್ ಹೆಸರೇ ಮುಸ್ತಫಾ ಅಂದುಕೊಂಡಿದ್ದೆ. ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಅನ್ನುವುದು ಅದರ ನಿಜವಾದ ಹೆಸರು, ಕ್ಯಾಪ್‌ಕಾಂ 1993ರಲ್ಲಿ ಮಾಡಿದ್ದು ಅಂತ ನನಗೆ ಗೊತ್ತಾದದ್ದು ಕಾಲೇಜು ಮುಗಿದ ಮೇಲೆ. ಅದು ಒಂದು ಅಮೆರಿಕನ್ ಕಾಮಿಕ್ಸ್ ಆಧರಿಸಿದ ಗೇಮ್, ನಾಲ್ಕು ಜನ ಪಾತ್ರ, ಅದರಲ್ಲಿ ಹಳದಿ ಟೋಪಿಯವನು ಮುಸ್ತಫಾ ಕೈರೊ.

ನಾಲ್ಕು ಜನರಲ್ಲಿ ನಾಯಕ ಜ್ಯಾಕ್. ಆದರೆ ನಮ್ಮ ಅಂಗಡಿಯಲ್ಲಿ ಜ್ಯಾಕ್‌ನನ್ನು ಯಾರು ಮುಟ್ಟುತ್ತಿದ್ದರು? ಮುಸ್ತಫಾ ವೇಗ, ಓಡಿ ಬಂದು ಒದ್ದರೆ ಸಾಲಾಗಿ ಬೀಳುತ್ತಿದ್ದರು. ಜೊತೆಗೆ ಹೆಸರು. ಆ ಯಂತ್ರದಲ್ಲಿ ನಮಗೆ ಪರಿಚಯದ ಹೆಸರು ಅದೊಂದೇ ಇತ್ತು. ನಮ್ಮ ಕ್ಲಾಸಿನಲ್ಲಿ ಒಬ್ಬ ಮುಸ್ತಫಾ ಇದ್ದ, ಅವನು ಬಂದರೆ ಜಾಗ ಬಿಡುತ್ತಿದ್ದೆವು, ಅದು ಅವನದ್ದೇ ಗೇಮ್ ಅನ್ನುವ ಹಾಗೆ. ಭಾರತದಲ್ಲಿ ಎಲ್ಲ ಕಡೆ ಅದನ್ನು ಮುಸ್ತಫಾ ಅಂತಲೇ ಕರೆಯುತ್ತಾರೆ ಅಂತ ಆಮೇಲೆ ತಿಳಿದು ನನಗೆ ತುಂಬಾ ಖುಷಿಯಾಯಿತು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಇಷ್ಟು ದೊಡ್ಡ ದೇಶ ತನಗೆ ಬೇಕಾದವನನ್ನು ನಾಯಕ ಮಾಡಿಕೊಂಡಿತು.

ಅಂಗಡಿಯಲ್ಲಿ ಒಂದು ನಿಯಮ ಇತ್ತು. ಆಡುವವನ ಹಿಂದೆ ನಿಂತು ನೋಡಬಹುದು, ಕಾಯಿನ್ ಗಾಜಿನ ಅಂಚಿನ ಮೇಲೆ ಇಟ್ಟರೆ ಮುಂದಿನ ಸರದಿ ನಿನ್ನದು. ನಾನು ಆಡಿದ್ದಕ್ಕಿಂತ ನಿಂತು ನೋಡಿದ್ದೇ ಜಾಸ್ತಿ. ಬಾಸ್, ಅಂದರೆ ಕೊನೆಗೆ ಬರುವ ದೊಡ್ಡ ಶತ್ರು, ಬಂದಾಗ ಹತ್ತು ಜನ ಒಟ್ಟಿಗೆ ಉಸಿರು ಹಿಡಿಯುತ್ತಿದ್ದೆವು. ಈಗ ಮಕ್ಕಳು ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ನೋಡುತ್ತಾರೆ ಅಂತ ದೊಡ್ಡವರು ಬೈಯುತ್ತಾರಲ್ಲ, ನನಗೆ ಬೈಯಲು ಬಾಯಿ ಬರುವುದಿಲ್ಲ. ನಾವೂ ಅದನ್ನೇ ಮಾಡಿದ್ದು.

ಮಲೆನಾಡು_ಮಳೆ

ಅಣ್ಣಂದಿರಾ, ಅಂಗಡಿಯ ಕಥೆ ಚೆನ್ನಾಗಿದೆ. ಆದರೆ ಒಂದು ಮಾತು ಸೇರಿಸಲೇಬೇಕು. ನಮ್ಮ ಊರಲ್ಲೂ ಅಂಥ ಅಂಗಡಿ ಇತ್ತು, ನಾನು ಒಂದು ಸಲವೂ ಒಳಗೆ ಕಾಲಿಟ್ಟಿಲ್ಲ. ಹೆಣ್ಣುಮಕ್ಕಳು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಯಾರೂ ಬೋರ್ಡ್ ಹಾಕಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ನನ್ನಂಥವರಿಗೆ ಗೇಮ್ ಸಿಕ್ಕಿದ್ದು ಮನೆಗೆ ಆ ನಕಲಿ ಡಬ್ಬಿ ಬಂದದ್ದರಿಂದ. ನನ್ನ ಮಟ್ಟಿಗೆ ಅದು ತುಂಬಾ ದೊಡ್ಡ ವಿಷಯ.

ತೀರ್ಥಹಳ್ಳಿ ಕಡೆ ಮಳೆಗಾಲ ಹೇಗೆ ಅಂತ ನಿಮಗೆ ಗೊತ್ತಲ್ಲ. ಶಾಲೆಗೆ ಮಳೆ ರಜೆ, ಹೊರಗೆ ಹೋಗುವ ಹಾಗಿಲ್ಲ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಆ ಗೇಮ್‌ಗಳಲ್ಲಿ ಸೇವ್ ಅನ್ನುವುದೇ ಇಲ್ಲ. ಮಾರಿಯೋ ಏಳನೇ ವರ್ಲ್ಡ್‌ಗೆ ಹೋಗಿದ್ದಾನೆ, ಕರೆಂಟ್ ಹೋಯಿತು, ಮುಗಿಯಿತು, ಮತ್ತೆ ಒಂದರಿಂದ. ಎಷ್ಟು ಸಲ ಅತ್ತಿದ್ದೇನೆ. ಜಪಾನಿನಲ್ಲಿ ಕೂತು ಇದನ್ನು ಮಾಡಿದವರು ಆಟಗಾರ ಸೋಲುವುದನ್ನು ಲೆಕ್ಕ ಹಾಕಿದ್ದರು, ಕೊಡಚಾದ್ರಿ ಕಡೆಯ ಗಾಳಿಗೆ ಲೈನ್ ಮೇಲೆ ಮರ ಬೀಳುವುದನ್ನು ಲೆಕ್ಕ ಹಾಕಿರಲಿಲ್ಲ. ಅದಕ್ಕೇ ನಾನು ಬೇಗ ಮುಗಿಸುವುದನ್ನು ಕಲಿತೆ. ಪೈಪ್ ಒಳಗೆ ಹೋಗಿ ವರ್ಲ್ಡ್ ಹಾರುವ ದಾರಿ ಬಾಯಿಪಾಠ ಆಗಿತ್ತು.

ಟ್ಯಾಂಕ್ ಗೇಮ್ ನನಗೂ ಅಣ್ಣನಿಗೂ ಜಗಳ ತಂದ ಗೇಮ್. ಇಬ್ಬರೂ ಒಂದೇ ಪಾರ್ಟಿ, ಆದರೆ ಗುಂಡು ನಮ್ಮವರಿಗೇ ತಾಗಿದರೆ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತುಬಿಡುತ್ತದೆ. ಅಣ್ಣ ಬೇಕಂತಲೇ ಹೊಡೆಯುತ್ತಿದ್ದ. ನಾನು ಕೋಪ ಮಾಡಿಕೊಂಡು ಒಬ್ಬಳೇ ಕನ್‌ಸ್ಟ್ರಕ್ಷನ್ ಆಡಲು ಶುರು ಮಾಡಿದೆ. ನೆನಪಿದೆಯಾ? ನಮ್ಮದೇ ಸ್ಟೇಜ್ ಕಟ್ಟುವುದು, ಇಟ್ಟಿಗೆ, ಕಬ್ಬಿಣ, ನೀರು, ಗಿಡ ಎಲ್ಲ ಇಡಬಹುದು. ನಾನು ಇಟ್ಟಿಗೆಯಲ್ಲಿ 'ಕ' ಬರೆದೆ. ಪೂರ್ತಿ ಮಧ್ಯಾಹ್ನ ಬೇಕಾಯಿತು. ಟಿವಿಯಲ್ಲಿ ನಾನು ಬರೆದ ಕನ್ನಡ ಅಕ್ಷರ, ಅದರ ಸುತ್ತ ಶತ್ರು ಟ್ಯಾಂಕ್‌ಗಳು ಓಡಾಡುತ್ತಿದ್ದವು. ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಸ್ವಿಚ್ ಆಫ್ ಮಾಡಿದ ಮೇಲೆ ಅದು ಉಳಿಯಲಿಲ್ಲ, ಆದರೆ ಆ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಮ್ಮನ ಬಗ್ಗೆಯೂ ಹೇಳುತ್ತೇನೆ. ಜಾತ್ರೆಯಲ್ಲಿ ಕೊಡಿಸಿದ ಬ್ರಿಕ್ ಗೇಮ್, ಎರಡು ಸೆಲ್ ಹಾಕುವುದು, ಅದು ಅಮ್ಮನ ಪಾಲಾಯಿತು. ರಾತ್ರಿ ಪಾತ್ರೆ ತೊಳೆದು ಬಂದು ಅರ್ಧ ಗಂಟೆ ಇಟ್ಟಿಗೆ ಜೋಡಿಸುತ್ತಿದ್ದರು. ಅದು ಟೆಟ್ರಿಸ್ ಅಂತ, 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಅನ್ನುವವರು ಮಾಡಿದ್ದು ಅಂತ ನಾನು ಮೊನ್ನೆ ಹೇಳಿದೆ. "ಪಾಪ, ಅವರಿಗೆ ದುಡ್ಡು ಸಿಕ್ಕಿತಾ?" ಅಂತ ಕೇಳಿದರು. ಸೋವಿಯತ್ ಸರಕಾರದ ಸಂಸ್ಥೆಯ ಕೈಯಲ್ಲಿ ಹಕ್ಕು ಇತ್ತು, ಅವರಿಗೆ ರಾಯಲ್ಟಿ ಬರಲು ಶುರುವಾದದ್ದು 1996ರಲ್ಲಿ. ಅಮ್ಮ ಅದನ್ನು ಕೇಳಿ ಸಮಾಧಾನ ಪಟ್ಟರು.

ಕ್ಯಾಸೆಟ್_ಪ್ರೇಮಿ

ಅಕ್ಕಾ, ಇದಕ್ಕೇ ಈ ಚರ್ಚೆ ಶುರು ಮಾಡಿದ್ದು. ಇಟ್ಟಿಗೆಯ 'ಕ' ಓದಿ ಸುಮ್ನೆ ಕೂತುಬಿಟ್ಟೆ. ರೋಡ್ ಫೈಟರ್ ಬಗ್ಗೆ ಯಾರೂ ಬರೆದಿಲ್ಲವಲ್ಲ? ಕೆಂಪು ಕಾರು, ಪೆಟ್ರೋಲ್ ಮುಗಿಯುತ್ತಾ ಬರುವುದು, ಬಣ್ಣ ಬಣ್ಣದ ಕಾರಿಗೆ ತಾಗಿಸಿದರೆ ಪೆಟ್ರೋಲ್ ತುಂಬುವುದು. ಎಲ್ಲೂ ಗುದ್ದದೆ ಹೋದರೆ ಪಕ್ಕದಲ್ಲಿ ಒಬ್ಬ ಹಾರಿಹೋಗುತ್ತಿದ್ದ, ನಾವು ಸೂಪರ್‌ಮ್ಯಾನ್ ಅನ್ನುತ್ತಿದ್ದೆವು. ಅವನು ಕೊನಾಮಿ ಕಂಪನಿಯ ಸ್ವಂತ ಹೀರೋ, ಕೊನಾಮಿ ಮ್ಯಾನ್.

ಸೋಲ್ಡರ್_ಮೇಷ್ಟ್ರು

ನಾನು ನಿಮಗಿಂತ ಸ್ವಲ್ಪ ದೊಡ್ಡವನು, 1993ರಿಂದ ಟಿವಿ, ಟೇಪ್ ರಿಪೇರಿ ಅಂಗಡಿ ನಡೆಸಿದವನು. ನಿಮ್ಮ ಈ ಡಬ್ಬಿಗಳು ನನ್ನ ಟೇಬಲ್ ಮೇಲೆ ನೂರಾರು ಬಂದಿವೆ. ಮೊದಮೊದಲು ಬಂದವನ್ನು ಬಿಚ್ಚಿದರೆ ಒಳಗೆ ಬೇರೆ ಬೇರೆ ಚಿಪ್ ಕಾಣುತ್ತಿತ್ತು. ಆಮೇಲೆ ಬಂದವುಗಳಲ್ಲಿ ಒಂದೇ ಒಂದು ಕಪ್ಪು ಅಂಟಿನ ಉಂಡೆ, ಅದರೊಳಗೆ ಇಡೀ ಫ್ಯಾಮಿಕಾಂ. ಅದು ಕೆಟ್ಟರೆ ಏನೂ ಮಾಡುವ ಹಾಗಿಲ್ಲ. ಆದರೆ ಬಂದ ತೊಂದರೆಗಳಲ್ಲಿ ಹತ್ತಕ್ಕೆ ಎಂಟು ಅಡಾಪ್ಟರ್, ಜಾಯ್‌ಸ್ಟಿಕ್ ವೈರ್, ಇಲ್ಲದಿದ್ದರೆ ಕ್ಯಾಸೆಟ್ ಕೂರುವ ಜಾಗ.

ನೀವೆಲ್ಲ ಕ್ಯಾಸೆಟ್‌ಗೆ ಬಾಯಿಯಿಂದ ಊದುತ್ತಿದ್ದಿರಿ. ಊದಿದ್ದರಿಂದ ಅದು ಸರಿ ಆಗಲಿಲ್ಲ. ತೆಗೆದು ಮತ್ತೆ ಹಾಕಿದ್ದರಿಂದ 60 ಪಿನ್ನುಗಳು ಹೊಸದಾಗಿ ಕೂತು ಸರಿ ಆಯಿತು. ಬಾಯಿಯ ತೇವದಿಂದ ತಾಮ್ರ ಹಸಿರಾಗುತ್ತದೆ. ನಾನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ ಕೊಡುತ್ತಿದ್ದೆ, ಐದು ರೂಪಾಯಿ.

ಬಾತುಕೋಳಿ ಹೊಡೆಯುವ ಗನ್ ಬಗ್ಗೆ ಎಲ್ಲರೂ ಕೇಳುತ್ತಿದ್ದರು, ಅದರಿಂದ ಟಿವಿಗೆ ಏನು ಹೋಗುತ್ತದೆ ಅಂತ. ಗನ್‌ನಿಂದ ಏನೂ ಹೋಗುವುದಿಲ್ಲ. ಟ್ರಿಗರ್ ಒತ್ತಿದ ತಕ್ಷಣ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತದೆ. ಗನ್ ಮೂತಿಯೊಳಗೆ ಬೆಳಕು ಗುರುತಿಸುವ ಕಣ್ಣು ಇದೆ. ಮೊದಲು ಕಪ್ಪು, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಈಗಿನ ಎಲ್‌ಸಿಡಿ ಟಿವಿಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುವುದರಿಂದ ಆ ಲೆಕ್ಕ ತಪ್ಪುತ್ತದೆ, ಗನ್ ಕೆಲಸ ಮಾಡುವುದಿಲ್ಲ. ಹಳೆಯ ಟ್ಯೂಬ್ ಟಿವಿ ಗುಜರಿಗೆ ಹೋದಾಗ ಆ ಗೇಮ್ ಕೂಡ ಹೋಯಿತು. ಇನ್ನೊಂದು, ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಅಂತ ನಿಮ್ಮ ಅಪ್ಪಂದಿರು ಬೈಯುತ್ತಿದ್ದರಲ್ಲ, ಗೇಮ್‌ನಿಂದ ಟ್ಯೂಬ್ ಹೋದ ಒಂದು ಟಿವಿಯೂ ನನ್ನ ಅಂಗಡಿಗೆ ಬಂದಿಲ್ಲ.

ನೇರ_ಮಾತು

ಎಲ್ಲರ ನೆನಪುಗಳೂ ಚೆನ್ನಾಗಿವೆ. ಆದರೆ ಇದೆಲ್ಲ ಕದ್ದ ಮಾಲು ಅನ್ನುವುದನ್ನು ಮರೆಯಬಾರದು ಅಲ್ವಾ? ಮಾಡಿದವರಿಗೆ ನಮ್ಮಿಂದ ಒಂದು ಪೈಸೆ ಹೋಗಲಿಲ್ಲ. ಹೆಸರು ಕೂಡ ಗೊತ್ತಾಗಲಿಲ್ಲ, ಶುರುವಿನ ಪರದೆಯಿಂದ ಕಂಪನಿಯ ಹೆಸರನ್ನೇ ಅಳಿಸಿರುತ್ತಿದ್ದರು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಕ್ಯಾಸೆಟ್_ಪ್ರೇಮಿ

ನಿಮ್ಮ ಮಾತು ಒಪ್ಪುತ್ತೇನೆ, ಅದನ್ನು ಮರೆಮಾಚುವುದು ಬೇಡ. ಆದರೆ ಅಸಲಿ ಯಂತ್ರ ನಮ್ಮ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ, ಇದ್ದಿದ್ದರೂ ಅಪ್ಪನ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಇದು ನೆಪ ಅಲ್ಲ, ಆಗಿದ್ದ ಸ್ಥಿತಿ. ಆ ಹೆಸರುಗಳನ್ನು ಈಗಲಾದರೂ ಹೇಳೋಣ ಅನ್ನುವುದು ನನ್ನ ಆಸೆ. ಫ್ಯಾಮಿಕಾಂ ಯಂತ್ರ ರೂಪಿಸಿದವರು ಮಸಾಯುಕಿ ಉಯೆಮುರಾ, 2021ರಲ್ಲಿ ತೀರಿಕೊಂಡರು. ನಮ್ಮ ಹೆಬ್ಬೆರಳಿನ ಕೆಳಗಿದ್ದ ಪ್ಲಸ್ ಆಕಾರದ ಬಟನ್ ಗುನ್‌ಪೆಯಿ ಯೊಕೊಯಿ ಅವರದು. ಕಾಂಟ್ರಾದಲ್ಲಿ ಮೂವತ್ತು ಲೈಫ್ ಸಿಗುವ 'ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ' ಅನ್ನುವ ಬಟನ್ ಒತ್ತುವ ಕ್ರಮ ಇದೆಯಲ್ಲ, ಅದು ಕಜುಹಿಸಾ ಹಶಿಮೊತೊ ಅವರದು. 1986ರಲ್ಲಿ ಗ್ರೇಡಿಯಸ್ ಅನ್ನುವ ಗೇಮ್ ತಯಾರಿಸುವಾಗ ಪರೀಕ್ಷಿಸಿ ನೋಡಲು ಅವರಿಗೇ ಅದು ತುಂಬಾ ಕಷ್ಟ ಆಯಿತು, ಅದಕ್ಕೆ ತಮ್ಮ ಅನುಕೂಲಕ್ಕೆ ಈ ದಾರಿ ಮಾಡಿಕೊಂಡರು. ಅದು ಯಾವ ಪುಸ್ತಕವೂ ಇಲ್ಲದೆ, ಬಾಯಿಂದ ಬಾಯಿಗೆ ದಾಟಿ ನಮ್ಮ ಸರಕಾರಿ ಶಾಲೆಯ ಕೊನೆ ಬೆಂಚಿನವರೆಗೆ ಬಂತು. ನನಗೆ ಹೇಳಿಕೊಟ್ಟವನು ಮಗ್ಗಿ ಹೇಳಿಕೊಡುವ ಹಾಗೆ ರಾಗವಾಗಿ ಹೇಳಿಕೊಟ್ಟ. ಹಶಿಮೊತೊ 2020ರಲ್ಲಿ ತೀರಿಕೊಂಡಾಗ ನಾನು ಸ್ಟೇಟಸ್‌ನಲ್ಲಿ ಎಂಟು ಬಾಣದ ಗುರುತು ಹಾಕಿದ್ದೆ.

ಇನ್ನೂ ಒಂದು. 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅನ್ನುವ ಅಮೆರಿಕದ ಸಂಸ್ಥೆ ಲೆಕ್ಕ ಹಾಕಿ ನೋಡಿತು. ಅಲ್ಲಿ 2010ಕ್ಕಿಂತ ಮೊದಲು ಬಂದ ಗೇಮ್‌ಗಳಲ್ಲಿ 87% ಆಗ ಅಂಗಡಿಯಲ್ಲಿ ಕೊಳ್ಳಲು ಸಿಗುತ್ತಿರಲಿಲ್ಲ. ಅಸಲಿಯದ್ದೇ ಈ ಸ್ಥಿತಿ. ನಮ್ಮ ಕ್ಯಾಸೆಟ್‌ಗಳನ್ನು ಯಾರು ಇಡುತ್ತಾರೆ? ನಕಲಿ ಅಂತ ಅವರು ಇಡುವುದಿಲ್ಲ, ಕಸ ಅಂತ ನಾವು ಇಡುವುದಿಲ್ಲ.

ಒತ್ತಕ್ಷರ

ಮಲೆನಾಡು_ಮಳೆ ಅಕ್ಕ ಬರೆದದ್ದನ್ನು ಓದಿ ಬರೆಯದೆ ಇರಲಾಗಲಿಲ್ಲ. ನಾನು ಬೆಂಗಳೂರಿನಲ್ಲಿ ಗೇಮ್ ಕೆಲಸ ಮಾಡುತ್ತೇನೆ. ಇಲ್ಲಿ ಈ ಕೆಲಸ ಹೊಸದಲ್ಲ, ಧ್ರುವ ಇಂಟರಾಕ್ಟಿವ್ ಅನ್ನುವ ಗೇಮ್ ಕಂಪನಿ ಶುರುವಾದದ್ದು 1997ರಲ್ಲಿ. ಹೊರದೇಶದ ದೊಡ್ಡ ಗೇಮ್‌ಗಳ ಕಾರು, ಮರ, ಕಟ್ಟಡ ಎಷ್ಟೋ ಇಲ್ಲಿನ ಹುಡುಗರ ಕೈಯಲ್ಲಿ ತಯಾರಾಗಿವೆ. 2019ರಲ್ಲಿ ಅದನ್ನು ಹೊರದೇಶದ ದೊಡ್ಡ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ರಾಕ್‌ಸ್ಟಾರ್‌ನವರ ವೈಸ್ ಸಿಟಿ ಗೇಮ್ ಆಡಿದ ತಲೆಮಾರು ನನ್ನದು, ಅದನ್ನು ಮಾಡಿದ ಕಂಪನಿಯ ಆಫೀಸು ಮುಂದೆ ನಮ್ಮ ಊರಲ್ಲೇ ಇರುತ್ತದೆ ಅಂತ ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಆದರೆ ಕನ್ನಡದಲ್ಲಿ ಗೇಮ್ ಎಲ್ಲಿ? ಬೆರಳೆಣಿಕೆ. ಕಾರಣ ದುಡ್ಡು ಒಂದೇ ಅಲ್ಲ, ಅಕ್ಷರವೂ ಹೌದು. ಗೇಮ್ ಮಾಡುವ ಸಾಫ್ಟ್‌ವೇರ್ ಯೂನಿಟಿಯಲ್ಲಿ ಅಕ್ಷರ ತೋರಿಸಲು ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೊಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. 'ಅಮ್ಮ' ಅಂತ ಬರೆದರೆ ಒತ್ತು ಕೆಳಗೆ ಇಳಿಯದೆ ಒಂದು ಮ ಪಕ್ಕ ಇನ್ನೊಂದು ಮ ಬಂದು ನಿಲ್ಲುತ್ತದೆ, ಮಧ್ಯದಲ್ಲಿ ಒಂದು ಅರ್ಕಾವತ್ತಿನ ಹಾಗೆ ಕಾಣುವ ಗುರುತು. ಸಣ್ಣ ತಂಡ ಇದ್ದರೆ ಒಂದೊಂದು ಪದವನ್ನೂ ಚಿತ್ರ ಮಾಡಿ ಅಂಟಿಸಬೇಕು. ನಾನು ಒಂದು ಪುಟ್ಟ ಗೇಮ್‌ಗೆ ಮುನ್ನೂರು ಪದ ಹೀಗೆ ಮಾಡಿದ್ದೇನೆ. 2023ರಲ್ಲಿ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಗೊಡೊ 4 ಬಂದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಗಿದೆ, ಅದರಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಒಳಗೇ ಇದೆ, ಕನ್ನಡ ನೇರವಾಗಿ ಸರಿಯಾಗಿ ಬರುತ್ತದೆ. ಹೊಸದಾಗಿ ಕಲಿಯುವವರು ಅದರಿಂದ ಶುರು ಮಾಡಿ, ದಯವಿಟ್ಟು.

ಅಕ್ಕಾ, ಟ್ಯಾಂಕ್ ಗೇಮ್‌ನ ಅಂಗಳ 13 ಚೌಕ ಅಗಲ, 13 ಚೌಕ ಎತ್ತರ. ಅದರಲ್ಲಿ 'ಕ' ಬರೆಯಬಹುದು, ನಾನು ಈಗ ಕಾಗದದ ಮೇಲೆ ಹಾಕಿ ನೋಡಿದೆ. ಕೆಳಗೆ ಹದ್ದಿನ ಜಾಗ ಬಿಟ್ಟರೂ ಸಾಲುತ್ತದೆ. ತಲೆಕಟ್ಟಿಗೆ ಅರ್ಧ ಇಟ್ಟಿಗೆ ಬಳಸಿದಿರಾ?

ಮಲೆನಾಡು_ಮಳೆ

ಹೌದು, ಅರ್ಧ ಇಟ್ಟಿಗೆ! ನಿಮಗೆ ಹೇಗೆ ಗೊತ್ತಾಯಿತು? ಪೂರ್ತಿ ಇಟ್ಟಿಗೆ ಇಟ್ಟರೆ ತಲೆಕಟ್ಟು ದಪ್ಪವಾಗಿ ಅಕ್ಷರ ಕೆಟ್ಟು ಹೋಗುತ್ತಿತ್ತು. ಸೊನ್ನೆಯ ಒಳಗೆ ನೀರು ಹಾಕಿದ್ದೆ, ಟ್ಯಾಂಕ್ ಒಳಗೆ ಬರಬಾರದು ಅಂತ.

ಇವತ್ತು ತವರಿಗೆ ಬಂದಿದ್ದೇನೆ. ಅಟ್ಟ ಹತ್ತಿ ಹುಡುಕಿದೆ. ಡಬ್ಬಿ ಸಿಕ್ಕಿತು! ಒಂದು ಜಾಯ್‌ಸ್ಟಿಕ್ ವೈರ್ ಇಲಿ ಕಡಿದಿದೆ, ಇನ್ನೊಂದು ಚೆನ್ನಾಗಿದೆ. ಕ್ಯಾಸೆಟ್ ಎರಡು, ಒಂದರ ಮೇಲೆ ಅಣ್ಣ ಬಾಲ್‌ಪೆನ್‌ನಲ್ಲಿ 'ಮುಟ್ಟಬಾರದು' ಅಂತ ಬರೆದಿದ್ದಾನೆ. ಅಡಾಪ್ಟರ್ ಇಲ್ಲ. ಮೇಷ್ಟ್ರೇ, ಮನೆಯಲ್ಲಿ ಇರುವ ಯಾವುದಾದರೂ ಅಡಾಪ್ಟರ್ ಹಾಕಬಹುದಾ? ಹಳೇ ಟ್ಯೂಬ್ ಟಿವಿ ಇನ್ನೂ ಇದೆ, ಅಮ್ಮ ಮಾರಲು ಬಿಟ್ಟಿಲ್ಲ.

ಸೋಲ್ಡರ್_ಮೇಷ್ಟ್ರು

ತಾಯಿ, ಯಾವುದೋ ಒಂದನ್ನು ಹಾಕಲೇಬೇಡಿ. ಡಬ್ಬಿಯ ಹಿಂದೆ ಅಥವಾ ಕೆಳಗೆ ಎಷ್ಟು ವೋಲ್ಟ್ ಅಂತ ಇರುತ್ತದೆ, ನೋಡಿ. ಪಿನ್ನಿನ ಮಧ್ಯ ಪ್ಲಸ್ಸಾ ಮೈನಸ್ಸಾ ಅನ್ನುವುದು ಒಂದೊಂದು ಡಬ್ಬಿಗೆ ಒಂದೊಂದು ಥರ, ಉಲ್ಟಾ ಆದರೆ ಒಳಗಿನ ಉಂಡೆ ಸುಡುತ್ತದೆ. ಗುರುತು ಅಳಿಸಿದ್ದರೆ ಬೋರ್ಡಿನ ಎರಡೂ ಕಡೆ ಫೋಟೋ ತೆಗೆದು ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ. ಕ್ಯಾಸೆಟ್ ಪಿನ್ನಿಗೆ ರಬ್ಬರ್ ಹಾಕಿ ಉಜ್ಜಿ, ಊದಬೇಡಿ.

ಮಲೆನಾಡು_ಮಳೆ

ಆಯಿತು ಸರ್, ಊದುವುದಿಲ್ಲ. ಕೆಳಗಿನ ಗುರುತು ಅಳಿಸಿಹೋಗಿದೆ, ನಾಳೆ ಬೆಳಕಿನಲ್ಲಿ ಬೋರ್ಡಿನ ಫೋಟೋ ತೆಗೆದು ಹಾಕುತ್ತೇನೆ. ಮಗಳು ಈಗಲೇ ಕಾಗದದ ಮೇಲೆ 13 ಚೌಕ ಗೆರೆ ಹಾಕಿಕೊಂಡು ಕೂತಿದ್ದಾಳೆ. ಅವಳಿಗೆ 'ಳ' ಬೇಕಂತೆ.